ಇನ್ನೂರು ಅಡಿಯ ಕೆಳಗೆ

ಸಂಜೆ ಐದರೊಳಗೆ ಎರಡು ಅರ್ಜಿಗಳಲ್ಲಿ ಒಂದನ್ನು ಕೊಡಬೇಕಾಗಿತ್ತು. ಅವನು ಎರಡನ್ನೂ ತುಂಬಿ, ಎರಡಕ್ಕೂ ಸಹಿ ಮಾಡಿ, ಒಂದೇ ಲಕೋಟೆಯಲ್ಲಿ ಹಾಕಿಕೊಂಡು ಮನೆಯಿಂದ ಹೊರಟಿದ್ದ. ಲಕೋಟೆ ಅಂಗಿಯ ಜೇಬಿನಲ್ಲಿ ಹಿಡಿಸದೆ ಅರ್ಧ ಹೊರಗೆ ಇಣುಕುತ್ತಿತ್ತು. ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿದಾಗಲೆಲ್ಲ ಅದರ ಮೂಲೆ ಗದ್ದಕ್ಕೆ ಚುಚ್ಚುತ್ತಿತ್ತು. ಒಂದು ಅರ್ಜಿ, ಎಂಟು ವರ್ಷಗಳಿಂದ ಅವನು ಬಲಗಡೆ ಕೂತು ಹಾರಿಸುತ್ತಿದ್ದ ಇದೇ ಟರ್ಬೊಪ್ರಾಪ್ ವಿಮಾನದ ಕಮಾಂಡಿಗೆ. ರೆಕ್ಕೆಗೊಂದರಂತೆ ಪಂಖ ತಿರುಗುವ, ಎಪ್ಪತ್ತು ಜನ ಹಿಡಿಸುವ, ಪ್ರಯಾಣಿಕರು ಮೆಟ್ಟಿಲ ಬುಡದಲ್ಲಿ ನಿಂತು ‘ಇದರಲ್ಲಾ?’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ವಿಮಾನ. ಆ ಅರ್ಜಿ ಕೊಟ್ಟರೆ ಎಡಗಡೆಯ ಸೀಟು, ಹೆಗಲ ಮೇಲೆ ಮೂರರ ಬದಲು ನಾಲ್ಕು ಪಟ್ಟಿ, ಕ್ಯಾಪ್ಟನ್ ಎಂಬ ಹೆಸರು. ಆದರೆ ಅವೇ ಆರು ಸಣ್ಣ ಊರುಗಳು, ಅವೇ ಮೋಟು ರನ್‌ವೇಗಳು. ಇನ್ನೊಂದು ಅರ್ಜಿ, ಕಂಪನಿ ಹೊಸದಾಗಿ ತರಿಸುತ್ತಿದ್ದ ಜೆಟ್ ವಿಮಾನಕ್ಕೆ. ಅಲ್ಲಿ ಮತ್ತೆ ಫಸ್ಟ್ ಆಫೀಸರ್, ಮತ್ತೆ ಬಲಗಡೆ, ಹಿರಿತನದ ಪಟ್ಟಿಯ ಬುಡದಿಂದ ಆರಂಭ, ಎಡಗಡೆಗೆ ದಾಟಬೇಕಾದರೆ ಇನ್ನೂ ಆರೇಳು ವರ್ಷ. ಒಂದನ್ನು ಕೊಟ್ಟರೆ ಮೂರು ವರ್ಷ ಇನ್ನೊಂದರ ಸುದ್ದಿ ಎತ್ತುವ ಹಾಗಿಲ್ಲ. ಅವನಿಗೆ ನಲವತ್ತು ತುಂಬಿತ್ತು.

ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತಿದ್ದಾಗ ಅಪ್ಪ ಕೇಳಿದ್ದರು. ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಗ ವಿಮಾನದಲ್ಲಿ ಏನು ಮಾಡುತ್ತಾನೆ ಎಂಬುದನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದರು. “ಅಲ್ಲ ಕಣೋ, ಇಷ್ಟು ವರ್ಷ ಆಯ್ತು, ಇನ್ನೂ ಕ್ಲೀನರ್ ಸೀಟೇನಾ?” “ನಾನೂ ಓಡಿಸ್ತೀನಪ್ಪ. ಒಂದು ಸಲ ಅವರು, ಒಂದು ಸಲ ನಾನು.” “ಅದೇ ನಾನೂ ಹೇಳಿದ್ದು. ಅವರು ಬಿಟ್ರೆ ನೀನು ಓಡಿಸ್ತೀಯ. ಗಾಡಿ ಸಣ್ಣದಾದ್ರೆ ಏನಂತೆ, ಬ್ರೇಕು ನಿನ್ನ ಕಾಲಡಿ ಇರ್ಬೇಕು.” ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಮಕ್ಕಳ ನೋಟ್‌ಬುಕ್ಕುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಲೇ, “ಹಾಗಲ್ಲ ಮಾವ, ಜೆಟ್‌ಗೆ ಹೋದ್ರೆ ಮುಂದೆ ದಾರಿ ಇದೆ. ಇದರಲ್ಲಿ ಕೂತ್ರೆ ಇದರಲ್ಲೇ ಕೂತ ಹಾಗೆ” ಎಂದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಅವನ ಕಡೆ ತಿರುಗಿದಳು. “ನನಗೆ ಎರಡೂ ಒಪ್ಪಿಗೇನೇ ರೀ. ಆದ್ರೆ ಯಾವುದು ಅಂತ ನೀವು ಬಾಯಿಬಿಟ್ಟು ಹೇಳ್ಬೇಕು. ಕೋಲೆಬಸವನ ಹಾಗೆ ಮಾವನಿಗೂ ತಲೆ ಆಡಿಸಿ ನನಗೂ ತಲೆ ಆಡಿಸಿ ಎದ್ದು ಹೋಗ್ಬೇಡಿ.” ಅವನು ಅದಕ್ಕೂ ತಲೆ ಆಡಿಸಿದ. ಅಪ್ಪ ಜೋರಾಗಿ ನಕ್ಕರು, ಅವಳೂ ನಕ್ಕಳು, ಅವನೂ ನಕ್ಕ. ಬಾಯಿಬಿಟ್ಟು ಹೇಳದಿದ್ದರೂ ಅವನಿಗೆ ಜೆಟ್ ಬೇಕಾಗಿತ್ತು. ಅದು ದೊಡ್ಡದೆಂದಲ್ಲ, ವೇಗದ್ದೆಂದಲ್ಲ. ಇನ್ನೂ ಆರೇಳು ವರ್ಷ ಎಡಗಡೆ ಬೇರೆ ಯಾರೋ ಕೂತಿರುತ್ತಾರೆ ಎಂಬ ಒಂದೇ ಕಾರಣಕ್ಕೆ. ಮಹತ್ವಾಕಾಂಕ್ಷೆ ಎಂದು ಜನ ಹೆಸರಿಡುವ ವಸ್ತುವಿನ ಹೊಟ್ಟೆಯಲ್ಲಿ ಇಂಥದ್ದೊಂದು ಹುಳ ಇರಬಹುದೆಂದು ಹೆಂಡತಿಗೆ ಹೇಗೆ ಹೇಳುವುದು?

ಅವತ್ತಿನ ಹಾರಾಟ ಯಜಮಾನರ ಜೊತೆ ಇತ್ತು. ಕಂಪನಿಯ ಅತ್ಯಂತ ಹಿರಿಯ ಕ್ಯಾಪ್ಟನ್. ಅವರ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲದೆ ಎಲ್ಲರ ಬಾಯಲ್ಲೂ ಯಜಮಾನರಾಗಿಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ. ಹೊಸಬರಿಗೆ ಮನೆ ಹುಡುಕಿಕೊಡುತ್ತಿದ್ದರು, ಸಹಪೈಲಟ್ಟಿನ ಮಗುವಿಗೆ ಜ್ವರವೆಂದರೆ ತಾವೇ ಫೋನ್ ಮಾಡಿ ಡ್ಯೂಟಿ ಬದಲಿಸಿಕೊಡುತ್ತಿದ್ದರು. ಆದರೆ ಮಾತಿಗೆ ಎದುರು ಮಾತು ಬಂದರೆ ಅವರು ಸಿಟ್ಟಾಗುತ್ತಿರಲಿಲ್ಲ, ಸುಮ್ಮನಾಗುತ್ತಿದ್ದರು. ಆ ಮೌನ ನಾಲ್ಕು ದಿನದ ಡ್ಯೂಟಿಯುದ್ದಕ್ಕೂ ಇಬ್ಬರ ನಡುವಿನ ಒಂದು ಗೇಣು ಜಾಗದಲ್ಲಿ ಮೂರನೆಯವನ ಹಾಗೆ ಕೂತಿರುತ್ತಿತ್ತು. ಬೆಳಗಿನ ಬಿಸಿಲಲ್ಲಿ ರನ್‌ವೇ ಎದುರಿಗೆ ಬಿಳಿ ನಾಲಗೆಯ ಹಾಗೆ ಚಾಚಿತ್ತು. ಅವರ ಬಲಗೈ ಇಂಜಿನ್ನಿನ ಬಲ ಏರಿಸಿ ಇಳಿಸುವ ಪವರ್ ಲಿವರಿನ ಮೇಲೆ ಹಗುರಾಗಿ ಮಲಗಿತ್ತು: ಉಗುರುಗಳನ್ನು ಒತ್ತಾಗಿ ಕತ್ತರಿಸಿದ, ಕೀಲುಗಳ ಮೇಲೆ ಬಿಳಿ ಕೂದಲಿನ ದೊಡ್ಡ ಕೈ. ಅವನು ಎತ್ತರಗಳನ್ನು ಅಡಿಗಳಲ್ಲಿ ಹೇಳುತ್ತಿದ್ದ. ಐನೂರು. ಎಲ್ಲ ಸರಿ. ಮುನ್ನೂರು. ಇನ್ನೂರು. ಆ ಕೈ ಅಲುಗಲಿಲ್ಲ, ಚಕ್ರಗಳು ಮೆತ್ತಗೆ ನೆಲ ಮುಟ್ಟಿದವು, ಅವನಿಗೆ ಮಾತ್ರ ಅಂಗೈ ಒದ್ದೆಯಾಗಿತ್ತು. ನಾಲ್ಕು ತಿಂಗಳ ಹಿಂದಿನ ಆ ಮಧ್ಯಾಹ್ನವೂ ಐನೂರರಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಇನ್ನೂರರ ಹತ್ತಿರ ವಿಮಾನ ಇರಬೇಕಾದ್ದಕ್ಕಿಂತ ತುಸು ಮೇಲಿತ್ತು, ತುಸುವೇ. ಆ ಊರಿನ ರನ್‌ವೇ ಗಿಡ್ಡ, ತುದಿಯಲ್ಲಿ ಹಳ್ಳ. ಒಂದಿಷ್ಟು ಮುಂದೆ ಹೋಗಿ ಇಳಿದರೆ ನಿಲ್ಲಿಸುವುದು ಕಷ್ಟ. ಮೇಲಕ್ಕೆತ್ತಿ ಒಂದು ಸುತ್ತು ಹಾಕಿ ಬಂದಿದ್ದರೆ ಹತ್ತು ನಿಮಿಷದ ಮಾತು. ನೆಲಕ್ಕೆ ಇನ್ನು ಐವತ್ತು ಅಡಿ ಇರುವಾಗ ಯಜಮಾನರ ಕೈ ಲಿವರನ್ನು ಪೂರ್ತಿ ಹಿಂದಕ್ಕೆಳೆಯಿತು. ಪಂಖಗಳ ಸದ್ದು ಬದಲಾಯಿತು, ಕೂತ ಸೀಟು ಕೆಳಗಿಂದ ಜಾರಿದಂತಾಯಿತು, ಇಳಿಯುವ ವೇಗದ ಮುಳ್ಳು ಬೀಳತೊಡಗಿತು. ಆಗ ಹೇಳಬೇಕಾಗಿದ್ದದ್ದು ಎರಡೇ ಶಬ್ದ. ಗೋ ಅರೌಂಡ್. ಎಡಗಡೆಯವನಾಗಲಿ ಬಲಗಡೆಯವನಾಗಲಿ ಯಾರು ಆ ಎರಡು ಶಬ್ದ ಹೇಳಿದರೂ ಇನ್ನೊಬ್ಬ ಕೇಳದೆ ಕೆದಕದೆ ವಿಮಾನವನ್ನು ಮೇಲಕ್ಕೆತ್ತಬೇಕು. ತರಬೇತಿಯಲ್ಲಿ ನೂರು ಸಲ ಹೇಳಿದ್ದ, ಹೊಸಬರಿಗೆ ಹೇಳಿಕೊಟ್ಟಿದ್ದ. ಶಬ್ದಗಳು ನಾಲಗೆಯ ಬುಡಕ್ಕೆ ಬಂದಿದ್ದವು. ಅವನು ಹೇಳಿದ್ದು, “ಸರ್…”

ಅಷ್ಟೇ. ಮೂರು ಸೆಕೆಂಡಿನ ಮೇಲೆ ವಿಮಾನ ನೆಲಕ್ಕೆ ಅಪ್ಪಳಿಸಿತು. ತಲೆಯ ಮೇಲಿನ ಯಾವುದೋ ಮುಚ್ಚಳ ಕಳಚಿ ಬಿತ್ತು. ಹಿಂದಿನಿಂದ ಒಂದು ಸದ್ದು ಬಂತು, ಕೂಗಲ್ಲ, ಒದ್ದೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಂಥ ಸದ್ದು. ನಿಂತ ಮೇಲೆ ಯಜಮಾನರು “ಹಿಂದೆ ಹೋಗಿ ನೋಡಪ್ಪ” ಎಂದರು, ದನಿ ಸಣ್ಣಗಾಗಿತ್ತು. ಪ್ರಯಾಣಿಕರಲ್ಲಿ ಒಬ್ಬಿಬ್ಬರಿಗೆ ತುಟಿ ಒಡೆದಿತ್ತು. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ಮಡಚುವ ಸೀಟಿನಲ್ಲಿ, ಗಗನಸಖಿ ಕಣ್ಣು ತೆರೆದು ಕೂತಿದ್ದಳು. ಮುಖ ಸುಣ್ಣದ ಹಾಗಾಗಿತ್ತು. “ಸರ್, ಕಾಲು ಎಲ್ಲಿದೆ ಗೊತ್ತಾಗ್ತಿಲ್ಲ” ಎಂದಳು, ಏನೋ ಮರೆತವಳು ನೆನಪು ಮಾಡಿಕೊಳ್ಳುವ ಹಾಗೆ. ಅವನು ಮಂಡಿಯೂರಿ ಅವಳ ಬೆಲ್ಟು ಬಿಚ್ಚಿದ. ಸೊಂಟದ್ದು ಎರಡು, ಭುಜದ್ದು ಎರಡು. ನಡುವಿನ ಗುಂಡಿ ಬಿಗಿದು ಕೂತಿತ್ತು, ಎರಡೂ ಹೆಬ್ಬೆರಳಿಂದ ಒತ್ತಬೇಕಾಯಿತು. ಕಟ್ ಎಂದು ಬಿಟ್ಟುಕೊಂಡಾಗ ಭುಜದ ಪಟ್ಟಿಗಳು ತಾವಾಗಿಯೇ ಮೇಲಕ್ಕೆ ಸರಿದು ಹೋದವು. ಆ ಗುಂಡಿಯ ಒತ್ತಡ ಅವನ ಹೆಬ್ಬೆರಳಲ್ಲಿ ಇನ್ನೂ ಇತ್ತು. ಸ್ನಾನ ಮಾಡುವಾಗ, ಮಗಳ ಶೂ ಲೇಸು ಕಟ್ಟುವಾಗ, ಲಿಫ್ಟಿನ ಗುಂಡಿ ಒತ್ತುವಾಗ ತಟ್ಟನೆ ಬರುತ್ತಿತ್ತು. ಎರಡು ದಿನದ ಮೇಲೆ ಯಜಮಾನರು ವರದಿ ಬರೆದರು. ತಟ್ಟನೆ ಬೀಸಿದ ಗಾಳಿಗೆ ವೇಗ ಹೆಚ್ಚಿತು, ಆದ್ದರಿಂದ ಪವರ್ ಇಳಿಸಲಾಯಿತು, ಮರುಗಳಿಗೆ ಗಾಳಿ ಸತ್ತು ವಿಮಾನ ಕುಸಿಯಿತು. ಯಂತ್ರದ ದಾಖಲೆಯಲ್ಲಿ ಲಿವರ್ ಯಾವಾಗ ಹಿಂದೆ ಬಂತೆಂದು ಇತ್ತು, ಯಾಕೆ ಬಂತೆಂದು ಇರಲಿಲ್ಲ. ಇಬ್ಬರು ಒಂದೇ ಮಾತು ಹೇಳಿದರೆ ಗಾಳಿ ಬೀಸಿದ್ದೇ ಸರಿ. ಕೊನೆಯಲ್ಲಿ ಒಂದು ಸಾಲು: ಗಗನಸಖಿ ಭುಜದ ಬೆಲ್ಟು ಹಾಕಿಕೊಂಡಿದ್ದುದು ಕಂಡುಬಂದಿಲ್ಲ. ಯಜಮಾನರು ಪೆನ್ನು ಮುಂದೆ ಹಿಡಿದು, “ಓದ್ಕೊಂಡು ಹಾಕಪ್ಪ, ಅವಸರ ಇಲ್ಲ” ಎಂದಿದ್ದರು. ಅವನು ಓದಿಕೊಂಡೇ ಹಾಕಿದ್ದ.

“ಯಾವುದು ಕೊಡ್ತಿದೀಯ?” ಮಧ್ಯಾಹ್ನ ಆ ದಿನದ ಕೊನೆಯ ಹಾರಾಟ ಮುಗಿಸಿ, ವಿಮಾನದಿಂದ ಇಳಿದು ಟರ್ಮಿನಲ್ ಕಡೆ ನಡೆಯುವಾಗ ಯಜಮಾನರು ಕೇಳಿದರು. ಅವನ ಜೇಬಿನ ಲಕೋಟೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿದರು. “ನಾನು ನಿನ್ನ ಬಗ್ಗೆ ಬರೆದಿದ್ದು ನೋಡಿದ್ಯಾ? ಕಮಾಂಡಿಗೆ ಶಿಫಾರಸು ಅಂದ್ರೆ ಸುಮ್ಮನೆ ಅಲ್ಲ, ಈ ವರ್ಷ ನಾನು ಇಬ್ಬರಿಗೆ ಮಾತ್ರ ಕೊಟ್ಟಿರೋದು.” ಅವನು ನೋಡಿದ್ದ. ಹಾರಾಟ ಉತ್ತಮ. ನಿಯಮಗಳ ತಿಳುವಳಿಕೆ ಉತ್ತಮ. ಸ್ವಭಾವ ಎಂಬಲ್ಲಿ, ಅವರ ದುಂಡು ಅಕ್ಷರದಲ್ಲಿ: ತಣ್ಣಗಿನ ಮನುಷ್ಯ, ಎದುರು ಮಾತಾಡುವವನಲ್ಲ. ಆ ಸಾಲನ್ನು ಅವನು ಕಚೇರಿಯ ಕಾರಿಡಾರಿನಲ್ಲಿ ನಿಂತು ಓದಿದಾಗ ಕಿವಿಯ ತುದಿ ಬಿಸಿಯಾಗಿತ್ತು. ಅದು ಹೊಗಳಿಕೆಯೋ, ಕೂಲಿಯೋ, ಮನುಷ್ಯನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಬರೆದ ಮಾತೋ ತಿಳಿಯಲಿಲ್ಲ. “ಥ್ಯಾಂಕ್ಯೂ ಸರ್” ಎಂದ ಈಗ. “ಎಡಗಡೆ ಕೂತ್ಕೋ ಮಾರಾಯ” ಎಂದರು ಯಜಮಾನರು, “ಅಲ್ಲಿಂದ ನೋಡಿದ್ರೆ ಗೊತ್ತಾಗತ್ತೆ, ಬಲಗಡೆಯವನು ಎಷ್ಟು ಸುಖವಾಗಿರ್ತಾನೆ ಅಂತ.” ಹೇಳಿ ತಾವೇ ನಕ್ಕು, ಬೆನ್ನು ತಟ್ಟಿ, ಮುಂದೆ ನಡೆದರು. ತಟ್ಟಿದ ಜಾಗ ಬಹಳ ಹೊತ್ತು ಅವನ ಬೆನ್ನ ಮೇಲೆ ಉಳಿಯಿತು.

ಕ್ಯಾಂಟೀನಿನಲ್ಲಿ ಅದೇ ಮಾತು. ಪಟ್ಟಿಯಲ್ಲಿ ಹೆಸರಿದ್ದ ನಾಲ್ಕೈದು ಮಂದಿ ಒಂದೇ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಕಮಾಂಡಿನ ಸಾವಿರ ಗಂಟೆ ಕೈಯಲ್ಲಿದ್ದರೆ ನಾಳೆ ಯಾವ ಕಂಪನಿಯಾದರೂ ಕರೆದು ಕೂರಿಸುತ್ತದೆ ಎಂದು ಒಬ್ಬ. ಪಂಖದ ಗಂಟೆಯನ್ನು ಯಾರು ಮೂಸುತ್ತಾರೆ, ಜೆಟ್ಟಿನ ಗಂಟೆಯೇ ಗಂಟೆ ಎಂದು ಇನ್ನೊಬ್ಬ. ಹಿತ್ತಲ ಗಿಡ ಮದ್ದಲ್ಲ ಎಂದು ಮೂರನೆಯವನು ಅಂದದ್ದಕ್ಕೆ ಎಲ್ಲರೂ ಮೇಜು ಕುಟ್ಟಿ ನಕ್ಕರು. ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು, ಅವನೇ ಹಿಂದೆ ಚೆಕ್‌ಲಿಸ್ಟು ಬಾಯಿಪಾಠ ಮಾಡಿಸಿದ್ದವಳು, ಈಗ ಹೆಗಲ ಮೇಲೆ ನಾಲ್ಕು ಪಟ್ಟಿ ಹಾಕಿಕೊಂಡು ಬಂದು, “ಸರ್, ಕೂತ್ಕೊಳ್ಳಿ” ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಆ ಮರ್ಯಾದೆ ಅವನಿಗೆ ಮುಳ್ಳಿನ ಹಾಗೆ ತಾಗಿತು. ಕೂತರೆ ಒಂದು ಥರ, ಕೂರದಿದ್ದರೆ ಇನ್ನೊಂದು ಥರ. ಕೂತ. ಅಷ್ಟರಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತನ ಫೋನ್ ಬಂತು. “ಸರ್, ನಿಮ್ಮದೊಂದೇ ಬಾಕಿ. ಐದಕ್ಕೆ ಬಾಗಿಲು ಹಾಕಿಬಿಡ್ತೀನಿ, ಆಮೇಲೆ ನನ್ನ ಬೈಕೋಬಾರದು.” “ಬರ್ತೀನಿ, ಬರ್ತೀನಿ” ಎಂದು ಎದ್ದ. ಚಹಾ ಕುಡಿದಿರಲಿಲ್ಲ, ಅದರ ಮೇಲೆ ಕೆನೆ ಕಟ್ಟಿ ಸುಕ್ಕಾಗಿತ್ತು.

ಆಡಳಿತ ಕಚೇರಿಗೆ ಹೋಗಲು ಎರಡು ದಾರಿ. ನಾಲ್ಕು ತಿಂಗಳಿಂದ ಅವನು ಹೊರಗಿನ ದಾರಿಯಲ್ಲೇ ಹೋಗುತ್ತಿದ್ದ, ಬಿಸಿಲಿರಲಿ ಮಳೆಯಿರಲಿ, ಸರಕಿನ ಶೆಡ್ಡನ್ನು ಸುತ್ತಿಕೊಂಡು. ಅವತ್ತು ಆ ದಾರಿಯನ್ನು ಅಗೆದು ಪೈಪು ಹಾಕುತ್ತಿದ್ದರು. ಹಗ್ಗ ಕಟ್ಟಿ, ಕೆಂಪು ಬಟ್ಟೆ ತೂಗುಹಾಕಿದ್ದರು. ಅವನು ಹಗ್ಗದ ಮುಂದೆ ಒಂದು ನಿಮಿಷ ನಿಂತ. ಹಗ್ಗ ದಾಟಬಹುದೇ ಎಂದು ಕೆಲಸದವರ ಮುಖ ನೋಡಿದ, ಅವರು ಇವನನ್ನು ನೋಡಲಿಲ್ಲ. ಉಳಿದದ್ದು ಒಳಗಿನ ದಾರಿ, ಲಗೇಜು ಬರುವ ಹಾಲಿನ ಮೂಲಕ. ಅಲ್ಲಿ, ಕಳೆದುಹೋದ ಪೆಟ್ಟಿಗೆಗಳ ದೂರು ಬರೆದುಕೊಳ್ಳುವ ಕೌಂಟರಿನ ಹಿಂದೆ, ಆವತ್ತಿನ ಗಗನಸಖಿ ನಿಂತಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ನಿಂತೇ ಇರುತ್ತಾಳೆ, ಕೂತರೆ ಸೊಂಟದಿಂದ ಕೆಳಕ್ಕೆ ಜೋಮು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದರು. ಕಾಲು ಮರಳಿ ಬಂದಿತ್ತು, ಬೆನ್ನು ಬಂದಿರಲಿಲ್ಲ. ಫೋನು ಕಿವಿಗಿಟ್ಟುಕೊಂಡು ಯಾರೊಡನೆಯೋ ಮಾತಾಡುತ್ತಿರುವವನ ಹಾಗೆ ದಾಟಿಬಿಡೋಣ ಎಂದುಕೊಂಡ. ಇಟ್ಟುಕೊಂಡ ಕೂಡ. “ಹೂಂ… ಹೂಂ…” ಎನ್ನುತ್ತಾ, ಖಾಲಿ ಫೋನಿಗೆ ತಲೆ ಆಡಿಸುತ್ತಾ, ಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ಬೆಲ್ಟಿನ ಪಕ್ಕದಲ್ಲಿ ಬೇಗಬೇಗ ಹೆಜ್ಜೆ ಹಾಕಿದ.

“ಸರ್, ಒಂದು ನಿಮಿಷ.”

ಅವನು ಫೋನು ಇಳಿಸಿದ. ಪರದೆ ಕಪ್ಪಗಿದ್ದದ್ದು ಅವಳಿಗೆ ಕಂಡಿರಬೇಕು. ಕಂಡರೂ ಕಾಣದವಳ ಹಾಗೆ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದಳು. ಮೊದಲು ಉದ್ದ ಜಡೆಯಿದ್ದವಳು ಈಗ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದಳು. ತಲೆ ಬಾಚಲು ಕೈ ಎತ್ತುವುದಕ್ಕೂ ಆಗುವುದಿಲ್ಲವೇನೋ ಎಂದು ಅವನಿಗೆ ಹೊಳೆದು, ಹೊಳೆದದ್ದಕ್ಕೆ ನಾಚಿಕೆಯಾಯಿತು. “ಹೇಗಿದೀರಿ?” ಎಂದ. “ಹೀಗಿದೀನಿ” ಎಂದಳು. “ಯಾವ ಕಡೆ ಸರ್, ಕಮಾಂಡಾ, ಜೆಟ್ಟಾ? ಎಲ್ಲರೂ ಅದೇ ಮಾತಾಡ್ತಿದಾರೆ.” “ಇನ್ನೂ ಏನೂ…” “ಯಾವುದಾದ್ರೂ ಒಳ್ಳೇದೇ ಬಿಡಿ.” ಒಬ್ಬ ಮುದುಕ ಬಂದು ಹಸಿರು ಪೆಟ್ಟಿಗೆ ಬಂದಿಲ್ಲವೆಂದ; ಅವಳು ಅವನಿಗೆ ಬಣ್ಣ, ಗಾತ್ರ, ಚಕ್ರ ಎಲ್ಲ ಕೇಳಿ ಸಮಾಧಾನವಾಗಿ ಬರೆದುಕೊಂಡು ಕಳಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: “ನಾನೂ ಒಂದು ಅರ್ಜಿ ಹಾಕಿದ್ದೆ ಸರ್. ಹಾರೋದಂತೂ ಮುಗೀತು, ಹೊಸ ಹುಡುಗೀರಿಗೆ ಪಾಠ ಮಾಡೋಣ ಅಂತ. ಅಪಾಯ ಬಂದಾಗ ಏನು ಮಾಡ್ಬೇಕು, ಬಾಗಿಲು ಹೇಗೆ ತೆಗೀಬೇಕು ಅಂತೆಲ್ಲ. ಹನ್ನೆರಡು ವರ್ಷ ಮಾಡಿದ ಕೆಲಸ ಅಲ್ವಾ. ಆಗಲ್ಲ ಅಂದ್ರು. ಫೈಲಿನಲ್ಲಿ ಬೆಲ್ಟ್ ಹಾಕ್ಕೊಂಡಿರ್ಲಿಲ್ಲ ಅಂತ ಇದೆಯಂತೆ. ಬೆಲ್ಟ್ ಹಾಕ್ಕೊಳ್ದೆ ಇರೋಳು ಬೇರೆಯವರಿಗೆ ಏನು ಹೇಳ್ಕೊಡ್ತಾಳೆ ಅಂತ.” ಅವನು ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಪೆನ್ನಿನ ತುದಿಯನ್ನು ಒಳಗೆ ಹೊರಗೆ ಮಾಡುತ್ತಿದ್ದಳು, ಟಿಕ್, ಟಿಕ್. ಬೈಯುತ್ತಾಳೆ ಎಂದುಕೊಂಡ. ಬೈದರೆ ಎಷ್ಟೋ ವಾಸಿ ಎಂದುಕೊಂಡ.

“ಮೊದಮೊದಲು ಸಿಟ್ಟು ಬರ್ತಿತ್ತು ಸರ್. ಈಗ ಬೇರೆ ಥರ ಆಗ್ತಿದೆ. ಆ ಕಾಗದ ಅಷ್ಟು ಖಡಾಖಂಡಿತವಾಗಿ ಹೇಳ್ತಿದೆಯಲ್ಲ, ಇಬ್ಬರು ಸಹಿ ಮಾಡಿದಾರಲ್ಲ, ನಾನೇ ಹಾಕ್ಕೊಂಡಿರ್ಲಿಲ್ವೇನೋ ಅನ್ನಿಸತ್ತೆ. ದಿನಾ ಕಣ್ಮುಚ್ಕೊಂಡು ನೆನಪು ಮಾಡ್ಕೊತೀನಿ. ಒಂದು ದಿನ ಹಾಕ್ಕೊಂಡ ಹಾಗೆ ಕಾಣತ್ತೆ, ಒಂದು ದಿನ ಇಲ್ಲ. ತಲೆ ಕೆಟ್ಟುಹೋಗತ್ತೆ.” ಪೆನ್ನಿನ ಸದ್ದು ನಿಂತಿತು. “ನೀವು ಬಿಚ್ಚಿದ್ರಿ ಅಂತ ನನ್ನ ನೆನಪು. ಅದೂ ಸುಳ್ಳಿರಬಹುದು. ಹಾಕ್ಕೊಂಡಿದ್ದೆ ಅಲ್ವಾ ಸರ್?”

ಬೆಲ್ಟಿನ ಮೇಲೆ ಯಾರೂ ಎತ್ತಿಕೊಳ್ಳದ ಒಂದು ಪೆಟ್ಟಿಗೆ ಸುತ್ತು ಬರುತ್ತಿತ್ತು. ರಬ್ಬರಿನ ಪರದೆಯೊಳಗೆ ನುಗ್ಗಿ ಮಾಯವಾಗಿ, ಇನ್ನೊಂದು ಕಡೆಯಿಂದ ಮತ್ತೆ ಹೊರಬರುತ್ತಿತ್ತು. ಬೆನ್ನು ಹೋದದ್ದು ಒಂದು. ಅದು ಮೂರು ಸೆಕೆಂಡಿನಲ್ಲಿ ಆದದ್ದು. ಇದು ನಾಲ್ಕು ತಿಂಗಳಿಂದ, ದಿನವೂ, ತಾನು ಕಚೇರಿಗೆ ಬೇರೆ ದಾರಿಯಲ್ಲಿ ನಡೆದುಹೋಗುತ್ತಿದ್ದಾಗಲೆಲ್ಲ ಆಗುತ್ತಿದ್ದದ್ದು. ಅವಳ ನೆನಪನ್ನೇ ಅವಳಿಂದ ಕಿತ್ತುಕೊಂಡು ತಾನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ ಎನ್ನಿಸಿತು.

“ಹಾಕ್ಕೊಂಡಿದ್ರಿ” ಎಂದ. “ನಾಲ್ಕೂ ಹಾಕ್ಕೊಂಡಿದ್ರಿ. ಗುಂಡಿ ಬಿಗಿಯಾಗಿತ್ತು. ನಾನೇ ಬಿಚ್ಚಿದ್ದು.”

ಅವಳು ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ನನ್ನನ್ನ ಕ್ಷಮಿಸಿ” ಎಂದು ಅವನು ಶುರು ಮಾಡಿದ್ದನ್ನು ತಲೆಯಲ್ಲಾಡಿಸಿ ನಿಲ್ಲಿಸಿದಳು. “ಅದೆಲ್ಲ ಬೇಡ ಸರ್. ಅದು ನಿಮಗೆ ಸಮಾಧಾನ, ನನಗೇನು ಬಂತು? ಬರೆದು ಕೊಡ್ತೀರಾ?”

ಸುರಕ್ಷತಾ ವಿಭಾಗದ ಕೋಣೆ ಮೊದಲನೇ ಮಹಡಿಯ ಕೊನೆಯಲ್ಲಿತ್ತು. ಅಧಿಕಾರಿ ಹಿಂದೆ ಟವರಿನಲ್ಲಿ ಕೂತು ವಿಮಾನಗಳನ್ನು ಇಳಿಸುತ್ತಿದ್ದವರು; ಈಗ ಮೂಗಿಗೆ ಕರವಸ್ತ್ರ ಹಿಡಿದು ಸೀನುತ್ತಾ ಕಡತಗಳ ನಡುವೆ ಕೂತಿದ್ದರು. ಅವನ ಮಾತನ್ನು ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಒರೆಸಿದರು. “ಮುಚ್ಚಿಹೋದ ಫೈಲು ಇದು. ತೆಗೀಬಹುದು, ತೆಗಿಯೋಕೆ ನಿಯಮ ಇದೆ. ಆದ್ರೆ ಒಂದು ಮಾತು ಹೇಳ್ಬಿಡ್ತೀನಿ. ವಿಚಾರಣೆ ತೆರೆದಿರೋವರೆಗೂ ನಿಮ್ಮ ಬಡ್ತಿ, ಬದಲಾವಣೆ ಯಾವುದೂ ಮುಂದಕ್ಕೆ ಹೋಗಲ್ಲ. ಆ ಸೀಟುಗಳು ನಿಮಗೋಸ್ಕರ ಕಾಯೋದೂ ಇಲ್ಲ. ಬೆಲ್ಟಿನ ಸಾಲು ಒಂದನ್ನೇ ತಿದ್ದಿ ಅಂತ ಕೇಳ್ಬಹುದು, ಅದು ಸಣ್ಣ ವಿಷಯ, ನಾನೇ ಮುಗಿಸ್ತೀನಿ. ಗಾಳಿ ವಿಷಯ ಎತ್ತಬೇಕೋ ಬೇಡ್ವೋ ನೀವೇ ಯೋಚನೆ ಮಾಡಿ.” ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ, ದಾರಿ ಕೇಳಿದವನಿಗೆ ಹತ್ತಿರದ ದಾರಿ ತೋರಿಸಿದ ಹಾಗಿತ್ತು. ಅವನು ಆ ದಾರಿಯನ್ನು ಆಸೆಯಿಂದ ನೋಡಿದ. ಅವಳಿಗೆ ಬೇಕಾದದ್ದು ಅಷ್ಟೇ. ಯಜಮಾನರಿಗೆ ಬೇಸರವಿಲ್ಲ, ಅರ್ಜಿ ಐದರೊಳಗೆ, ಹೆಂಡತಿಗೆ ಸಿಹಿ ಸುದ್ದಿ. ಎಲ್ಲರಿಗೂ ತಲೆ ಆಡಿಸಿದ ಹಾಗೂ ಆಯಿತು. ಅಧಿಕಾರಿ ಸೀನಿದರು. ಕಿಟಕಿಯಾಚೆ ಒಂದು ಟರ್ಬೊಪ್ರಾಪ್ ಇಳಿಯಲು ಬರುತ್ತಿತ್ತು. ಗಾಜಿನ ಮೇಲೆ ಹರಿದಾಡುವ ಹುಳದಷ್ಟು ಸಣ್ಣದು. ಅದರೊಳಗೆ ಈಗ ಯಾರೋ ಒಬ್ಬ ಎತ್ತರ ಎಣಿಸುತ್ತಿರುತ್ತಾನೆ. ಅವನು ಕುರ್ಚಿ ಎಳೆದುಕೊಂಡು, “ಪೂರ್ತಿ ಬರೀತೀನಿ” ಎಂದ.

ಅಧಿಕಾರಿ ಕೊಟ್ಟ ನಮೂನೆಯಲ್ಲಿ ಬರೆಯುವುದು ಕಷ್ಟವಾಗಲಿಲ್ಲ. ಗಾಳಿ ಇರಲಿಲ್ಲ. ವಿಮಾನ ತುಸು ಮೇಲಿತ್ತು. ಲಿವರ್ ಪೂರ್ತಿ ಹಿಂದೆ ಬಂತು. ನಾಲ್ಕು ತಿಂಗಳಿಂದ ಬಾಯಿಪಾಠವಾಗಿದ್ದ ಸಾಲುಗಳು ಒಂದರ ಹಿಂದೊಂದು ಇಳಿದವು. ಅಕ್ಷರ ಕೂಡ ಚೆನ್ನಾಗಿತ್ತು. ಕೊಟ್ಟಾಗ ಅಧಿಕಾರಿ ಮೇಲಿಂದ ಕೆಳಗೆ ಓದಿ, ಒಂದು ಕಡೆ ಬೆರಳಿಟ್ಟು ಕಾಗದವನ್ನು ತಿರುಗಿಸಿದರು. “ಇದೊಂದು ಕಾಲಂ ಬಿಟ್ಟಿದೀರಿ.” ಎಚ್ಚರಿಕೆ ನೀಡದಿರಲು ಕಾರಣ, ಎಂದಿತ್ತು. ಮುಂದೆ ಎರಡು ಗೆರೆಯಷ್ಟು ಜಾಗ. ಅವನು ಪೆನ್ನು ಹಿಡಿದು ಆ ಗೆರೆಗಳನ್ನು ನೋಡಿದ. ಸಮಯ ಸಾಲಲಿಲ್ಲ ಎಂದು ಬರೆಯಬಹುದಿತ್ತು. ಮೂರು ಸೆಕೆಂಡಿನಲ್ಲಿ ಎರಡು ಶಬ್ದ ಹೇಳಬಹುದು. ಹೆದರಿಕೆ ಎಂದು ಬರೆಯೋಣವೆಂದರೆ ಅದೂ ಪೂರ್ತಿ ನಿಜವಲ್ಲ. ನೆಲ ಮೇಲಕ್ಕೆ ಬರುತ್ತಿದ್ದಾಗ ಅವನಿಗೆ ನೆಲದ ಹೆದರಿಕೆಯಾಗಿರಲಿಲ್ಲ. ಆ ಮೂರು ಸೆಕೆಂಡು ಅವನು ನೆಲವನ್ನು ನೋಡಿಯೇ ಇರಲಿಲ್ಲ. ಎಡಗಡೆಯ ಮುಖವನ್ನು ನೋಡುತ್ತಿದ್ದ. ಅಲ್ಲಿ ಹುಬ್ಬು ಗಂಟಾಗುತ್ತದೆಯೇ, ತುಟಿ ಬಿಗಿಯುತ್ತದೆಯೇ ಎಂದು. ಎಪ್ಪತ್ತು ಜನ ಬೆನ್ನ ಹಿಂದೆ ಕೂತಿದ್ದರು, ಒಬ್ಬಳು ಬಾಲದಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದ್ದಳು, ಅವನು ಒಬ್ಬ ಮನುಷ್ಯನ ಹುಬ್ಬು ನೋಡುತ್ತಿದ್ದ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಅವನು ಬರೆದ: ಅವರಿಗೆ ಬೇಸರವಾದೀತೆಂದು.

ಅಧಿಕಾರಿ ಓದಿದರು. “ಇದು ಕಾರಣವಾ?” ಎಂದರು, ಗದರಿಸಿಯಲ್ಲ, ತಿಳಿಯದೆ ಕೇಳುವವರ ಹಾಗೆ. “ಹೌದು ಸರ್” ಎಂದ. ಅವರು ಇನ್ನೊಮ್ಮೆ ಓದಿ, ಮೊಹರು ಒತ್ತಿ, ಕಾಗದವನ್ನು ತಟ್ಟೆಗೆ ಹಾಕಿದರು.

ಅಲ್ಲಿಂದ ಹೆಜ್ಜೆಗೆ ಎರಡೆರಡು ಮೆಟ್ಟಿಲು ಇಳಿದು ಅರ್ಜಿಯ ಕಿಟಕಿಗೆ ಬಂದಾಗ ಗುಮಾಸ್ತ ಬೀಗ ಹುಡುಕುತ್ತಿದ್ದ. ಅವನು ಲಕೋಟೆಯಿಂದ ಕಮಾಂಡಿನ ಅರ್ಜಿ ತೆಗೆದು ಕೊಟ್ಟ. ಅದು ಎಲ್ಲಿಗೂ ತಲುಪುವುದಿಲ್ಲವೆಂದು ಈಗ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕೊಡಲು ಸಾಧ್ಯವಾಯಿತೋ ಏನೋ. ಬದುಕಿನಲ್ಲಿ ಮೊದಲ ಸಲ ಯಾರ ಮುಖವನ್ನೂ ನೋಡದೆ ಒಂದನ್ನು ಆರಿಸಿದ್ದ, ಆರಿಸಿದ್ದಕ್ಕೆ ಬೆಲೆಯಿಲ್ಲದ ಹೊತ್ತಿನಲ್ಲಿ. “ಎಡಗಡೆಗೆ ಹೋಗ್ತಿದೀರಿ ಅನ್ನಿ, ಪಾರ್ಟಿ ಯಾವಾಗ ಸರ್?” ಎಂದ ಗುಮಾಸ್ತ. ಅಂದು ರಾತ್ರಿ ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಹೆಂಡತಿ ನೋಟ್‌ಬುಕ್ಕುಗಳನ್ನು ಬದಿಗಿಟ್ಟಳು. “ನಾಲ್ಕು ತಿಂಗಳು ನನಗೂ ಹೇಳ್ಲಿಲ್ವಲ್ಲ” ಎಂದಳು. ಬೇರೆ ಎಲ್ಲಕ್ಕಿಂತ ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಂತಿತ್ತು. ಅಪ್ಪ ಎದ್ದು ಹೋಗಿ ಟಿವಿಯ ದನಿ ತಗ್ಗಿಸಿದರು.

ವಿಚಾರಣೆ ಮೂರು ತಿಂಗಳು ನಡೆಯಿತು. ಎಡಗಡೆಯ ಸೀಟು ಪಟ್ಟಿಯಲ್ಲಿ ಅವನ ಕೆಳಗಿದ್ದವನಿಗೆ ಹೋಯಿತು, ಜೆಟ್ಟಿಗೆ ಉಳಿದವರು ಹೋದರು. ಅವನಿಗೆ ಎರಡು ವರ್ಷ ಬಡ್ತಿ ಇಲ್ಲವೆಂದು ಪತ್ರ ಬಂತು. ಕ್ಯಾಂಟೀನಿನಲ್ಲಿ ಅವನು ಕೂತ ಮೇಜಿಗೆ ಜನ ಬರುವುದು ಕಡಿಮೆಯಾಯಿತು. ಬಂದವರೂ ಹವಾಮಾನದ ಮಾತಾಡಿ ಎದ್ದುಹೋಗುತ್ತಿದ್ದರು. ಗಗನಸಖಿಯ ಫೈಲಿನ ಸಾಲು ಅಳಿಸಿಹೋಯಿತು, ತರಬೇತಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಾರಿಡಾರಿನಲ್ಲಿ ಎದುರಾದರೆ ತಲೆ ಬಾಗಿಸುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಯಜಮಾನರನ್ನು ಹಾರಾಟದಿಂದ ಇಳಿಸಿದರು. ನಿವೃತ್ತಿಗೆ ಹೇಗೂ ಏಳು ತಿಂಗಳಿತ್ತು, ಅವರೇ ಬಿಟ್ಟುಹೋದರು.

ಅವರು ಕೊನೆಯ ಕಾಗದಗಳಿಗೆ ಸಹಿ ಮಾಡಲು ಬಂದ ದಿನ ಅವನಿಗೆ ವಾಹನ ನಿಲ್ಲಿಸುವ ಜಾಗದಲ್ಲಿ ಸಿಕ್ಕಿದರು. ಸಮವಸ್ತ್ರವಿಲ್ಲದೆ ಅವರನ್ನು ಅವನು ಯಾವತ್ತೂ ನೋಡಿರಲಿಲ್ಲ. ಮಾಸಲು ಬಣ್ಣದ ಅರ್ಧತೋಳಿನ ಅಂಗಿ, ಸಡಿಲ ಪ್ಯಾಂಟು; ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ತಪ್ಪಿಸಿಕೊಳ್ಳಲು ಎರಡು ಕಾರುಗಳ ನಡುವೆ ಜಾಗವಿತ್ತು, ಹೋಗಲಿಲ್ಲ. “ಬೈತೀನಿ ಅಂದ್ಕೊಂಡ್ಯಾ?” ಎಂದರು ಯಜಮಾನರು. “ಬೈಯಲ್ಲ ಬಾರೋ. ಆ ಹುಡುಗಿ ವಿಷಯದಲ್ಲಿ ನಾನು ಬರೆದದ್ದು ತಪ್ಪು. ನಿಜ ಬರೆಯೋ ತ್ರಾಣ ಇರ್ಲಿಲ್ಲ ಆವತ್ತು, ಏನೋ ಒಂದು ಬರೆದೆ.” ಕಾರಿನ ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿದರು. “ನೀನು ಬರೆದದ್ದನ್ನ ನನಗೆ ಓದೋಕೆ ಕೊಟ್ರು. ಆ ಕಾಲಂನಲ್ಲಿ ಬರೆದಿದ್ದೀಯಲ್ಲ, ಬೇಸರವಾದೀತೆಂದು. ಅದನ್ನ ಓದಿ ಎರಡು ದಿನ ಊಟ ಸೇರ್ಲಿಲ್ಲ ನನಗೆ.”

“ಸರ್…” ಎಂದ ಅವನು.

“ಬೇಜಾರಾಗ್ತಿತ್ತು, ಇಲ್ಲ ಅನ್ನಲ್ಲ. ಒಂದು ವಾರ ನಿನ್ನ ಜೊತೆ ಮಾತು ಬಿಡ್ತಿದ್ದೆನೋ ಏನೋ, ನನ್ನ ಕೆಟ್ಟ ಬುದ್ಧಿ. ಆದ್ರೆ ನೀನು ಹೇಳಿದ್ದಿದ್ರೆ ಮೇಲಕ್ಕೆತ್ತಿಬಿಡ್ತಿದ್ದೆ ಕಣೋ. ಕೈ ಲಿವರಿನ ಮೇಲೇ ಇತ್ತಲ್ಲ. ನನಗೂ ಒಳಗೆ ಅನುಮಾನ ಇತ್ತು, ಯಾರಾದ್ರೂ ಒಂದು ಮಾತು ಅಂದ್ರೆ ಸಾಕು ಅನ್ನೋ ಹಾಗಿತ್ತು. ಪಕ್ಕದಲ್ಲೇ ಕೂತಿದ್ಯಲ್ಲೋ.”

ಬಿಸಿಲು ಕಾರುಗಳ ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಅವನು ಆ ಮುಖದಲ್ಲಿ ಸುಳ್ಳಿಗಾಗಿ ಹುಡುಕಿದ. ಹುಬ್ಬು, ತುಟಿ, ಕಣ್ಣ ಕೊನೆಯ ಸುಕ್ಕು. ಎಂಟು ವರ್ಷ ಬಲಗಡೆಯಿಂದ ಓದಿ ಓದಿ ಅಕ್ಷರ ಅಕ್ಷರವೂ ಗೊತ್ತಿದ್ದ ಮುಖ. ಒಂದು ಸಣ್ಣ ಸುಳ್ಳು ಸಿಕ್ಕಿದ್ದರೂ ಸಾಕಿತ್ತು, ಅದನ್ನು ಹಿಡಿದುಕೊಂಡು ಅವನು ಉಳಿದ ಬದುಕನ್ನು ಹೇಗೋ ಕಳೆದುಬಿಡುತ್ತಿದ್ದ. ಸಿಗಲಿಲ್ಲ.